ಕ್ಯಾಮರಾ ಉಳ್ಳ ಅಗ್ಗದ ಫೋನು: ಕೊಳ್ಳುವ ಮುನ್ನ ರೈತರು ನೋಡತಕ್ಕ ಸಂಗತಿಗಳು



ಹೋದ ಆಷಾಢದಲ್ಲಿ ಜಡಿಮಳೆ ಹಿಡಿದಿದ್ದಾಗ ನಮ್ಮ ಹಾಸನ ಸೀಮೆಯ ಗೌಡರೊಬ್ಬರು ಬೆಳಿಗ್ಗೆ ಏಳಕ್ಕೇ ನನಗೆ ಫೋನು ಮಾಡಿದರು. "ಸ್ವಾಮಿ, ಆಲೂಗೆಡ್ಡೆ ಎಲೆ ಅಂಚು ಸುಟ್ಟ ಹಾಗೆ ಕಾಣುತ್ತದೆ. ಪಟ ಕಳಿಸಿದ್ದೀನಿ, ನೋಡಿ" ಎಂದರು. ತೆರೆದು ನೋಡಿದರೆ ಬರೀ ಹಸಿರು ಮಬ್ಬು. ಎಲೆ ಯಾವುದು, ನೆಲ ಯಾವುದು ಗೊತ್ತಾಗದು. ಇನ್ನೊಂದು ಕಳಿಸಿ ಎಂದೆ. ಅದೂ ಹಾಗೆಯೇ ಇತ್ತು. ಅದನ್ನೇ ಕೃಷಿ ವಿಜ್ಞಾನ ಕೇಂದ್ರದವರಿಗೆ ಕಳಿಸಿದೆ. "ಪಟ ಸ್ಪಷ್ಟವಾಗಿಲ್ಲ, ಎಲೆಯ ಅಡಿಭಾಗ ತೋರಿಸಿ" ಎಂದು ಉತ್ತರ ಬಂತು. ನಾನು ಅಂದೇ ಸಂಜೆ ಹೊಲಕ್ಕೆ ಹೋಗಬೇಕಾಗಿತ್ತು. ಮಳೆಯ ನೆಪದಿಂದ ಮೂರನೆಯ ದಿನ ಹೋದೆ. ಅಷ್ಟರಲ್ಲಿ ಅಂಗಮಾರಿ ರೋಗ ಅರ್ಧ ಹೊಲ ತಿಂದುಹಾಕಿತ್ತು.

ಮೋಡ, ತಂಪು, ತೇವ ಮೂರೂ ಕೂಡಿದರೆ ಆಲೂಗೆಡ್ಡೆಯ ಅಂಗಮಾರಿ ಎಷ್ಟು ಬೇಗ ಹಬ್ಬುತ್ತದೆಂದು ಬೆಳೆದವರಿಗೆಲ್ಲ ಗೊತ್ತು. ಮೊದಲು ಎಲೆಯಂಚಿನಲ್ಲಿ ನೀರು ನೆನೆದಂಥ ಮಚ್ಚೆ, ಬೆಳಗಿನ ತೇವದಲ್ಲಿ ಎಲೆಯ ಅಡಿಗೆ ಬಿಳಿ ಬೂಜು. ಈ ಎರಡು ಗುರುತು ಒಂದು ಪಟದಲ್ಲಿ ಸರಿಯಾಗಿ ಕಂಡಿದ್ದರೆ ಆ ದಿನವೇ ಔಷಧಿಯ ಮಾತು ಮುಗಿಯುತ್ತಿತ್ತು.

ಗೌಡರ ಫೋನು ಹಳೆಯದಲ್ಲ. ಮೂರು ತಿಂಗಳ ಹಿಂದೆ ಪೇಟೆಯ ಅಂಗಡಿಯೊಂದರಲ್ಲಿ ಕೊಂಡದ್ದು. "ಹಿಂದುಗಡೆ ಎರಡು ಕಣ್ಣು ಸ್ವಾಮಿ, ಪಟ ತೆಗೆಯೋಕೇ ಅಂತ ತಂದಿದ್ದು" ಎಂದು ಅವರು ನೊಂದುಕೊಂಡರು. ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಈಗ ಬೆರಳಿನಿಂದ ಮುಟ್ಟಿ ನಡೆಸುವ ಫೋನುಗಳು ಬೇಕಾದಷ್ಟಿವೆ. ನಮ್ಮ ಹಳ್ಳಿಗಳಲ್ಲಿ ಕೊಳ್ಳುವವರೂ ಬಹಳ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಫೋನನ್ನು ಮಾತ್ರ ಡಬ್ಬಿಯ ಮೇಲಿನ ಅಂಕಿ ನೋಡಿ ತರುತ್ತೇವೆ. ಆ ಅಂಕಿಗಳ ಅರ್ಥವೇನು, ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕ್ಯಾಮರಾದಿಂದಲೇ ಶುರುಮಾಡುತ್ತೇನೆ. ಪಟವೆಂಬುದು ಸಣ್ಣ ಸಣ್ಣ ಚುಕ್ಕೆಗಳ ರಂಗೋಲಿ. ಹತ್ತು ಲಕ್ಷ ಚುಕ್ಕೆ ಕೂಡಿದರೆ ಒಂದು ಮೆಗಾಪಿಕ್ಸೆಲ್. ಡಬ್ಬಿಯ ಮೇಲೆ 50 ಎಂದಿದ್ದರೆ ಐದು ಕೋಟಿ ಚುಕ್ಕೆ ಎಂದಾಯಿತು. ಆದರೆ ಇಂಥ ಫೋನುಗಳಲ್ಲಿ ಹೆಚ್ಚಿನವು ನಾಲ್ಕು ಚುಕ್ಕೆಗಳನ್ನು ಕೂಡಿಸಿ ಒಂದು ಮಾಡಿ, ಸುಮಾರು 12 ಮೆಗಾಪಿಕ್ಸೆಲ್‌ನ ಪಟವನ್ನೇ ಇಟ್ಟುಕೊಳ್ಳುತ್ತವೆ. ಇದು ಮೋಸವಲ್ಲ. ಬೆಳಕು ಕಡಮೆ ಇರುವಾಗ ಪಟ ಚೆನ್ನಾಗಿ ಬರಲೆಂದು ಮಾಡಿದ್ದು. ನಮ್ಮ ಎಲೆ, ಹುಳು, ಪಹಣಿ ಕಾಗದಕ್ಕೆ 12 ಧಾರಾಳವಾಗಿ ಸಾಕು. ಹಿಂದುಗಡೆಯ ಎರಡನೆಯ, ಮೂರನೆಯ ಕಣ್ಣುಗಳು ಅಗ್ಗದ ಫೋನಿನಲ್ಲಿ ಹಲವು ಸಲ ಹೆಸರಿಗೆ ಮಾತ್ರ. ಅವನ್ನು ಎಣಿಸಿ ದುಡ್ಡು ಕೊಡಬೇಡಿ.

ನಿಜವಾಗಿ ನೋಡಬೇಕಾದದ್ದು ಬೇರೆ. ನಾವು ಹತ್ತಿರದ್ದನ್ನು ನೋಡುವಾಗ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ಒಳ್ಳೆಯ ಕ್ಯಾಮರಾದ ಮಸೂರವೂ ಹಾಗೆ ಹಿಂದೆ ಮುಂದೆ ಸರಿದು ಹೊಂದಿಕೊಳ್ಳುತ್ತದೆ. ಇದಕ್ಕೆ ಆಟೋಫೋಕಸ್ ಎನ್ನುತ್ತಾರೆ. ತೀರಾ ಅಗ್ಗದ ಕೆಲವು ಫೋನುಗಳಲ್ಲಿ ಮಸೂರವನ್ನು ಒಂದೇ ಜಾಗಕ್ಕೆ ಬಿಗಿದುಬಿಟ್ಟಿರುತ್ತಾರೆ. ನಾಲ್ಕಡಿ ದೂರದಲ್ಲಿ ನಿಂತ ಮನುಷ್ಯನ ಮುಖ ಅಂದವಾಗಿ ಬರುತ್ತದೆ, ಅಂಗೈಯ ಎಲೆ ಮಬ್ಬಾಗುತ್ತದೆ. ಅಂಗಡಿಯವರು ತೋರಿಸುವುದು ಮುಖದ ಪಟವನ್ನೇ ಅಲ್ಲವೇ! ಗೌಡರ ಫೋನಿಗಿದ್ದ ಕೊರತೆ ಇದೇ.

ಪರೀಕ್ಷೆ ಸುಲಭ. ಬೀಜದ ಪೊಟ್ಟಣವನ್ನೋ ಔಷಧಿ ಬಾಟಲಿಯನ್ನೋ ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದು ಗೇಣು ದೂರದಿಂದ ಅದರ ಸಣ್ಣ ಅಕ್ಷರದ ಪಟ ತೆಗೆಯಿರಿ. ತೆಗೆಯುವ ಮೊದಲು ಗಾಜಿನ ಮೇಲೆ ಆ ಅಕ್ಷರ ಕಾಣುವ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿ. ಆಮೇಲೆ ಪಟವನ್ನು ಹಿಗ್ಗಿಸಿ ನೋಡಿ. ಅಕ್ಷರ ಓದಲು ಬಂದರೆ ಎಲೆಯ ಮಚ್ಚೆಯೂ ಕಾಣುತ್ತದೆ. ಬಾರದಿದ್ದರೆ ಮುಂದಿನ ಫೋನು ಕೇಳಿ.

ಮನೆಯಲ್ಲಿ ಈಗಾಗಲೇ ಬಿಗಿದ ಮಸೂರದ ಫೋನು ಇದ್ದರೆ ಬಿಸಾಡಬೇಕಾಗಿಲ್ಲ. ಎಲೆಗೆ ತೀರ ಸಮೀಪ ಹಿಡಿಯಬೇಡಿ. ಒಂದೂವರೆ ಮೊಳ ದೂರದಿಂದ ತೆಗೆದು ಆಮೇಲೆ ಹಿಗ್ಗಿಸಿ. ಮೂರನೆಯ ದಿನ ಗೌಡರ ಹೊಲದಲ್ಲಿ ನಿಂತು ಅವರ ಫೋನಿನಲ್ಲೇ ಹೀಗೆ ತೆಗೆದಾಗ ಎಲೆಯಡಿಯ ಬೂಜು ಸುಮಾರಾಗಿ ಕಂಡಿತು. ಈ ಮಾತನ್ನು ಮೊದಲ ದಿನವೇ ಫೋನಿನಲ್ಲಿ ಹೇಳಲು ನನಗೆ ತೋಚಲಿಲ್ಲ. ಡಿಪ್ಲೊಮಾದಲ್ಲಿ ರೋಗ ಗುರುತಿಸುವುದನ್ನು ಕಲಿತಿದ್ದೆ, ರೋಗದ ಪಟ ತೆಗೆಯುವುದನ್ನು ಕಲಿತಿರಲಿಲ್ಲ.

ರೋಗದ ಪಟ ತೆಗೆಯುವ ಕ್ರಮ ಹೀಗೆ. ಮಸೂರದ ಮೇಲೆ ಎಣ್ಣೆಕೈ, ಬೆವರು, ಧೂಳು ಅಂಟಿರುತ್ತದೆ. ಮೆತ್ತಗಿನ ಒಣ ಬಟ್ಟೆಯಿಂದ ಒರೆಸಿಕೊಳ್ಳಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ಹೊಳೆದು ಮಚ್ಚೆ ಮರೆಯಾಗುತ್ತದೆ. ಬೆಳಗಿನ ಹೊತ್ತು, ಇಲ್ಲವೇ ನಿಮ್ಮ ಮೈ ನೆರಳಿನಲ್ಲಿ ತೆಗೆಯಿರಿ. ಗಾಳಿಗೆ ಎಲೆ ಆಡುತ್ತಿದ್ದರೆ ಇನ್ನೊಬ್ಬರು ತೊಟ್ಟು ಹಿಡಿದುಕೊಳ್ಳಲಿ. ಎಲೆಯ ಮೇಲ್ಭಾಗದ್ದೊಂದು, ಅಡಿಭಾಗದ್ದೊಂದು, ಇಡೀ ಗಿಡದ್ದೊಂದು, ಸಾಲುಗಳು ಕಾಣುವಂತೆ ಹೊಲದ್ದೊಂದು, ಹೀಗೆ ನಾಲ್ಕು ಪಟ ಬೇಕು. ರೋಗ ಗದ್ದೆಯ ಒಂದು ಮೂಲೆಯಲ್ಲಿದೆಯೋ ಎಲ್ಲೆಡೆ ಚೆದುರಿದೆಯೋ ಎಂಬುದು ಕೊನೆಯ ಪಟದಿಂದಲೇ ತಿಳಿಯುವುದು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಪಟ ಕುಗ್ಗುತ್ತದೆ. 'ಡಾಕ್ಯುಮೆಂಟ್' ಎಂಬ ಕಡೆಯಿಂದ ಕಳಿಸಿದರೆ ಇದ್ದ ಹಾಗೆಯೇ ಹೋಗುತ್ತದೆ. ಬಿತ್ತಿದ ದಿನ, ತಳಿ, ಹೊಡೆದ ಔಷಧಿ ಇವನ್ನು ಬರೆಯಲು ಬೇಸರವಾದರೆ ಬಾಯಲ್ಲೇ ಹೇಳಿ ಧ್ವನಿ ಕಳಿಸಿ.

ಇನ್ನು ಮುಟ್ಟುವ ಗಾಜು. ಬೆರಳು ಒತ್ತಿದ್ದಕ್ಕೆ ಇದು ನಡೆಯುತ್ತದೆಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ಒಂದು ತೆಳು ಪದರದಲ್ಲಿ ಅತ್ಯಲ್ಪ ವಿದ್ಯುತ್ತು ಹರಡಿರುತ್ತದೆ. ನಮ್ಮ ಮೈ ವಿದ್ಯುತ್ತನ್ನು ಸೆಳೆಯುವಂಥದ್ದಾದ್ದರಿಂದ ಬೆರಳು ಬಂದ ಕಡೆ ಅದು ಕೊಂಚ ಬದಲಾಗುತ್ತದೆ. ಆ ಬದಲಾವಣೆಯಿಂದ ಬೆರಳು ಎಲ್ಲಿದೆ ಎಂದು ಫೋನು ಲೆಕ್ಕ ಹಾಕುತ್ತದೆ. ಆದ್ದರಿಂದಲೇ ಉಗುರಿಗೆ, ಕಡ್ಡಿಗೆ ಅದು ಓಗೊಡುವುದಿಲ್ಲ. ಬಲವಾಗಿ ಒತ್ತಿ ಪ್ರಯೋಜನವಿಲ್ಲ. ನೀರಿನ ಹನಿ ಬಿದ್ದರೆ ಬೆರಳೆಂದು ತಪ್ಪು ತಿಳಿದು ತನ್ನಷ್ಟಕ್ಕೆ ಕುಣಿಯುತ್ತದೆ. ನಾಟಿಯ ಹೊತ್ತಿನಲ್ಲಿ ಕೆಸರುಗೈ ಒರೆಸಿಕೊಂಡು, ಗಾಜನ್ನೂ ಒರೆಸಿ ಮುಟ್ಟಿ. ಗಾಜು ಒಡೆದರೆ ಹೊಸದು ಹಾಕಿಸಲು ಫೋನಿನ ಬೆಲೆಯ ದೊಡ್ಡ ಪಾಲೇ ಹೋಗುತ್ತದೆ. ಕೊಂಡ ದಿನವೇ ಮೇಲೊಂದು ರಕ್ಷಣೆಯ ಗಾಜು, ಹಿಂದೊಂದು ಕವಚ ಹಾಕಿಸುವುದು ಲಾಭ. ಅಂಗಡಿಯ ನೆರಳಿನಲ್ಲಿ ಎಲ್ಲ ಫೋನೂ ಬೆಳಗುತ್ತವೆ. ಒಮ್ಮೆ ಬೀದಿಯ ಬಿಸಿಲಿಗೆ ತಂದು ಅಕ್ಷರ ಕಾಣುತ್ತದೆಯೇ ನೋಡಿ. ನಮಗೆ ಕೆಲಸವಿರುವುದು ಬಿಸಿಲಿನಲ್ಲೇ.

ಡಬ್ಬಿಯ ಮೇಲೆ 4 ಜಿಬಿ, 64 ಜಿಬಿ ಎಂದು ಎರಡು ಅಂಕಿ ಇರುತ್ತವೆ. ಮೊದಲನೆಯದು ಕಣ, ಎರಡನೆಯದು ಕಣಜ ಎಂದು ತಿಳಿಯಿರಿ. ಕಣ ಚಿಕ್ಕದಾದರೆ ಒಕ್ಕಣೆ ನಿಧಾನ. ಕಣಜ ಚಿಕ್ಕದಾದರೆ ಬಂದ ಬೆಳೆ ಇಡಲು ಜಾಗವಿಲ್ಲ. 64ರಲ್ಲಿ ಒಂದು ಪಾಲನ್ನು ಫೋನು ತನ್ನ ಸ್ವಂತ ಕೆಲಸಕ್ಕೇ ಇಟ್ಟುಕೊಳ್ಳುತ್ತದೆ. "4 ಕೂಡಿಸು 4, ಒಟ್ಟು 8" ಎಂದು ಜಾಹೀರಾತಿನಲ್ಲಿ ಕಂಡರೆ, ಎರಡನೆಯ 4 ಕಣಜದಿಂದ ಸಾಲ ತಂದದ್ದು. ನಿಜವಾದ ಕಣದಷ್ಟು ಚುರುಕು ಅದಕ್ಕಿಲ್ಲ.

ಇದೇಕೆ ಮುಖ್ಯವೆಂದರೆ, 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆ ಸಮೀಕ್ಷೆಯನ್ನು ಫೋನಿನಲ್ಲಿ ಮಾಡಲು ಅವಕಾಶವಾಗಿದೆ. ಹೊಲದಲ್ಲಿ ನಿಂತು, ಸರ್ವೆ ನಂಬರು ತೆಗೆದು, ಬೆಳೆಯ ಪಟ ಏರಿಸಬೇಕು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರ ಇವಕ್ಕೆಲ್ಲ ಆ ದಾಖಲೆಯನ್ನು ನೋಡುತ್ತಾರೆ. ಮೊಮ್ಮಕ್ಕಳ ವಿಡಿಯೊ, ದಿನಬೆಳಗಾದರೆ ಬರುವ ಶುಭೋದಯದ ಪಟ ಇವುಗಳಿಂದ ಕಣಜ ತುಂಬಿಹೋಗಿದ್ದರೆ ಹೊಲದ ಬದುವಿನಲ್ಲಿ ನಿಂತಾಗ ಫೋನು ಮೊಂಡುಬೀಳುತ್ತದೆ. ಹಿಂದಿನ ರಾತ್ರಿಯೇ ಬೇಡದ್ದನ್ನು ಅಳಿಸಿಕೊಂಡು ಹೋಗಿ. ತೀರ ಹಳೆಯ ಫೋನನ್ನು ಅಗ್ಗವೆಂದು ಎರಡನೆಯ ಕೈಯಿಂದ ಕೊಂಡರೆ ಹೊಸ ಆಪ್‌ಗಳು ಅದರಲ್ಲಿ ಇಳಿಯದೆ ಹೋಗುವುದೂ ಉಂಟು.

ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಫೋನು ಆಕಾಶದ ಉಪಗ್ರಹಗಳಿಂದ ತಿಳಿಯುತ್ತದೆ. ಇದಕ್ಕೆ ಜಿಪಿಎಸ್ ಎನ್ನುವರು. ಅಡಕೆ ತೋಟದ ದಟ್ಟ ನೆರಳಿನಲ್ಲಿ ಈ ಲೆಕ್ಕ ಆಚೀಚೆ ಆಗಬಹುದು. ಬಯಲಿಗೆ ಬಂದು ಒಂದೆರಡು ನಿಮಿಷ ಸುಮ್ಮನೆ ನಿಂತರೆ ಸುಧಾರಿಸುತ್ತದೆ. ಚಿಕ್ಕ ಹಿಡುವಳಿಯವರು ಇದನ್ನು ಮರೆಯಬಾರದು. ಹತ್ತಡಿ ತಪ್ಪಿದರೆ ಪಕ್ಕದವರ ಜಮೀನು!

ಬ್ಯಾಟರಿ 5000 ಎಂದಿದ್ದರೆ ಒಂದು ದಿನಕ್ಕೆ ಸಾಕು. ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಮೇಲೆ ಬಿಟ್ಟು ಹೋಗಬೇಡಿ. ಕಾವಿಗೆ ಅದರ ಆಯಸ್ಸು ಕುಂದುತ್ತದೆ. ಫೋನಿನ ಬೆನ್ನು ಉಬ್ಬಿದಂತೆ ಕಂಡರೆ ಚಾರ್ಜಿಗೆ ಹಾಕದೆ ರಿಪೇರಿಯವರಿಗೆ ಕೊಡಿ.

ದುಡ್ಡು ಕೊಡುವ ಮುನ್ನ ಇನ್ನೆರಡು ಕೆಲಸ. ನಿಮ್ಮೂರಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಂದು ಊರಿನಲ್ಲೇ ಕೇಳಿಕೊಂಡು ಹೋಗಿ. ಆಮೇಲೆ ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಒಂದು ನಂಬರು ಕಾಣುತ್ತದೆ. ಅದು ಆ ಫೋನಿನ ಗುರುತು, ಎತ್ತಿನ ಕಿವಿಯ ಓಲೆ ಇದ್ದಂತೆ. ಎರಡು ಸಿಮ್ಮಿನ ಫೋನಿಗೆ ಅಂಥ ಎರಡು ನಂಬರು ಇರುತ್ತವೆ. ಬಿಲ್ಲಿನಲ್ಲಿ ಅವನ್ನೇ ಬರೆಸಿಕೊಳ್ಳಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ನಂಬರನ್ನು ತಡೆಹಿಡಿಸಬಹುದು. 2023ರಿಂದ ಇದು ದೇಶಕ್ಕೆಲ್ಲ ಅನ್ವಯಿಸಿದೆ. ಬ್ಯಾಂಕಿನವರೆಂದು, ಪರಿಹಾರದ ಹಣ ಹಾಕುವವರೆಂದು ಯಾರಾದರೂ ಒಟಿಪಿ ಕೇಳಿದರೆ ಕೊಡಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಹಿಡಿಯುವುದು ಕಷ್ಟ. ಪಟ ಕಳಿಸಲು ಯಾರೂ ಸಿಗದ ದಿನ ಬಾಯಿಮಾತಿನಲ್ಲೇ ಕೇಳಲು 1800-180-1551 ಕಿಸಾನ್ ಕಾಲ್ ಸೆಂಟರ್ ಇದೆ. ಕನ್ನಡದಲ್ಲಿ ಉತ್ತರ ಹೇಳುತ್ತಾರೆ, ಕರೆಗೆ ದುಡ್ಡಿಲ್ಲ.

ಬರುವ ಸೋಮವಾರ ಸಂಜೆ ಆರಕ್ಕೆ ಶಾಲೆಯ ಜಗುಲಿಯಲ್ಲಿ ಇರುತ್ತೇನೆ. ನಿಮ್ಮ ಫೋನನ್ನೂ, ಹೊಲದಲ್ಲಿ ಕಂಡ ಕಾಯಿಲೆಯ ಎಲೆಯನ್ನೂ ತನ್ನಿ. ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಕೊಳೆಯುತ್ತದೆ, ಹಳೆಯ ಪೇಪರಿನಲ್ಲಿ ಸುತ್ತಿ ತನ್ನಿ. ಗೌಡರೂ ಬರುತ್ತೇನೆಂದಿದ್ದಾರೆ. ಈ ಸಲದ ಪಟಗಳನ್ನು ತೋರಿಸುತ್ತಾರಂತೆ.