ದೇಹಕ್ಕೆ ತಕ್ಕ ಸೈಕಲ್: ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಪೋಲಿಯೊದಿಂದ ಒಂದು ಕಾಲು ಸೊರಗಿದವರಿಗೆ, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರಿಗೆ, ಅಪಘಾತದ ನಂತರ ಮೊಣಕಾಲು ಬಿಗಿದುಕೊಂಡವರಿಗೆ ಸಿಗುವ ಸಲಹೆ ಒಂದೇ: ‘ಮೂರು ಚಕ್ರದ್ದು ತಗೊಳ್ಳಿ, ಬೀಳೋ ಭಯ ಇರಲ್ಲ’. ಇದನ್ನು ನಂಬಿ ದುಡ್ಡು ಸುರಿಯಬೇಡಿ. ಎಷ್ಟೋ ಮಂದಿಗೆ ಮನೆಯಲ್ಲಿರುವ ಸೈಕಲ್ಲಿಗೇ ಒಂದೆರಡು ಮಾರ್ಪಾಡು ಮಾಡಿಸಿದರೆ ಸಾಕು. ಯಾವ ಸೈಕಲ್ ಎಂದು ಕೇಳುವ ಮೊದಲು ದೇಹಕ್ಕೆ ಏನು ಕಷ್ಟ ಎಂದು ಕೇಳಿಕೊಳ್ಳಿ. ಸಮತೋಲನವೇ, ಹಿಡಿತವೇ, ಮೊಣಕಾಲು ಬಾಗುವುದೇ, ಕಾಲಿನ ಬಲವೇ, ದೃಷ್ಟಿಯೇ? ಪರಿಹಾರ ಅದಕ್ಕೆ ಮಾತ್ರ ಬೇಕು.

ಮೊದಲು ವೈದ್ಯರ ಮಾತು

ಮೂರ್ಛೆರೋಗ, ತಲೆಸುತ್ತು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಾಗದೆ ಉಳಿಯುವುದು ಬೇರೊಂದು. ಪಾರ್ಶ್ವವಾಯು ಆದ ಕೆಲವರಿಗೆ ಕೈಕಾಲಿನ ಬಲ ಮರಳಿದರೂ ಒಂದು ಬದಿಯ ಕಡೆ ಗಮನವೇ ಹೋಗುವುದಿಲ್ಲ. ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿದಿರುತ್ತದೆ. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ತಾಗುತ್ತದೆ. ಇದು ರೋಗಿಗೆ ಅರಿವಾಗುವುದಿಲ್ಲ, ಮನೆಯವರೇ ನೋಡಿ ಹೇಳಬೇಕು. ಇಂಥವರು ವೈದ್ಯರು ಒಪ್ಪುವವರೆಗೆ ಕೋಣೆಯೊಳಗಿನ ವ್ಯಾಯಾಮದ ಸೈಕಲ್ ತುಳಿಯಲಿ, ರಸ್ತೆಗೆ ಇಳಿಯುವುದು ಬೇಡ.

ಬಾಗದ ಮೊಣಕಾಲು, ಬಲವಿಲ್ಲದ ಪಾದ

ದೊಡ್ಡವರ ಸೈಕಲ್ಲಿನ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ಕಬ್ಬಿಣದ ಕೈ, ಸಾಮಾನ್ಯವಾಗಿ 165ರಿಂದ 170 ಮಿ.ಮೀ. ಉದ್ದ. ಪೆಡಲ್ ಮೇಲಕ್ಕೆ ಬಂದಾಗ ಮೊಣಕಾಲು ಸುಮಾರು 110 ಡಿಗ್ರಿ ಬಾಗಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಆದ ಮೊಣಕಾಲು ಅದಕ್ಕಿಂತ ಸ್ವಲ್ಪ ಮೊದಲೇ ನಿಂತರೆ ಪೂರ್ತಿ ಸುತ್ತು ಬರುವುದಿಲ್ಲ. ಆಗ ಮಾಡಬೇಕಾದ್ದು ಇಷ್ಟೇ: 20 ಮಿ.ಮೀ. ಚಿಕ್ಕ ಕ್ರ್ಯಾಂಕ್ ಹಾಕಿಸಿ, ಸೀಟನ್ನು ಅಷ್ಟೇ ಎತ್ತರಿಸಿ. ಕೆಳಗೆ ಕಾಲು ಚಾಚುವುದು ಮೊದಲಿನಂತೆಯೇ ಇರುತ್ತದೆ, ಮೇಲೆ ಮಾತ್ರ ಮೊಣಕಾಲಿಗೆ 40 ಮಿ.ಮೀ. ಜಾಗ ಸಿಗುತ್ತದೆ. ಮಕ್ಕಳ ಸೈಕಲ್ಲಿನ ಕ್ರ್ಯಾಂಕ್‌ಗಳು ಚಿಕ್ಕವು, ಸೈಕಲ್ ಶಾಪಿನಲ್ಲೇ ಸಿಗುತ್ತವೆ. ಆದರೆ ಕಾಟರ್ ಪಿನ್ನಿನ ಹಳೆ ಕ್ರ್ಯಾಂಕ್ ಈಗಿನ ಚೌಕ ತುದಿಯ ಅಚ್ಚಿಗೆ ಕೂರುವುದಿಲ್ಲ, ಹಾಗಾಗಿ ಸೈಕಲ್ಲನ್ನೇ ಅಂಗಡಿಗೆ ಒಯ್ಯಿರಿ. ಸೀಟು ಏರಿದ ಮೇಲೆ ನಿಂತಾಗ ಕಾಲು ನೆಲಕ್ಕೆ ಎಟಕುತ್ತದೆಯೇ ಎಂದೂ ನೋಡಿ. ಎಟಕದಿದ್ದರೆ ತಗ್ಗು ಫ್ರೇಮಿನ ಸೈಕಲ್ ಬೇಕಾಗುತ್ತದೆ.

ಪಾದ ಪೆಡಲಿನಿಂದ ಜಾರುತ್ತಿದ್ದರೆ ಹಿಮ್ಮಡಿಗೆ ಆಸರೆಯಿರುವ ಅಗಲ ಪೆಡಲ್ ಮತ್ತು ವೆಲ್ಕ್ರೊ ಪಟ್ಟಿ ಹಾಕಿಸಿ. ಹಗ್ಗದಿಂದ ಕಟ್ಟುವುದು ಬೇಡವೇ ಬೇಡ. ಎರಡು ಚಕ್ರದ ಸೈಕಲ್ಲಿನಲ್ಲಿ ಬಿದ್ದಾಗ ಎಳೆದ ಕೂಡಲೇ ಬಿಚ್ಚಿಕೊಳ್ಳದ ಪಟ್ಟಿ ಕಾಲನ್ನೇ ಮುರಿಯುತ್ತದೆ. ಇನ್ನು ಒಂದು ಕಾಲು ಇಲ್ಲದವರಿಗೆ ಸೈಕಲ್ ಆಗದು ಎನ್ನುವವರು ಹೈದರಾಬಾದಿನ ಆದಿತ್ಯ ಮೆಹ್ತಾ ಅವರ ಹೆಸರು ಕೇಳಿರಲಿಕ್ಕಿಲ್ಲ. ಮೊಣಕಾಲಿನ ಮೇಲಕ್ಕೆ ಕಾಲು ಕಳೆದುಕೊಂಡ ಅವರು 2013ರ ಏಷ್ಯನ್ ಪ್ಯಾರಾ ಸೈಕ್ಲಿಂಗ್‌ನಲ್ಲಿ ಎರಡು ಬೆಳ್ಳಿ ಗೆದ್ದರು.

ಒಂದೇ ಕೈಯಲ್ಲಿ ಬ್ರೇಕ್

ಒಂದು ಕೈಗೆ ಹಿಡಿತವಿಲ್ಲದವರು ಮುಂದಿನ ಬ್ರೇಕ್ ಒಂದನ್ನೇ ನೆಚ್ಚಿಕೊಂಡು ಓಡಿಸುವುದುಂಟು. ಇಳಿಜಾರಿನಲ್ಲಿ ಗಟ್ಟಿಯಾಗಿ ಒತ್ತಿದರೆ ಹಿಂದಿನ ಚಕ್ರ ಏಳುತ್ತದೆ. ಒಂದೇ ಲಿವರ್ ಎರಡು ಕೇಬಲ್ಲನ್ನೂ ಎಳೆಯುವಂತೆ ಮಾಡಬಹುದು, ಅಂಥ ಲಿವರ್ ಮಾರುಕಟ್ಟೆಯಲ್ಲಿದೆ. ಬೆಲ್ಲೂ ಅದೇ ಬದಿಗೆ ಬರಲಿ. ಸರಳು ಬ್ರೇಕಿನ ಹಳೆ ಸೈಕಲ್ಲಿಗೆ ಮಾತ್ರ ಇದು ಹೊಂದುವುದಿಲ್ಲ.

ಮೂರು ಚಕ್ರ ಯಾರಿಗೆ?

ಸಮತೋಲನ ನಿಜವಾಗಿ ಇಲ್ಲದವರಿಗೆ. ನಿಂತಾಗ ಇದು ಬೀಳುವುದಿಲ್ಲ ನಿಜ, ತಿರುವಿನಲ್ಲಿ ಮಗುಚುತ್ತದೆ. ಎರಡು ಚಕ್ರದ್ದು ತಿರುವಿಗೆ ವಾಲುತ್ತದೆ. ಮೂರು ಚಕ್ರದ್ದು ವಾಲದೆ ಒಳಬದಿಯ ಚಕ್ರವನ್ನು ಎತ್ತಿಬಿಡುತ್ತದೆ. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳು ಅಂಚಿಗೆ ಇಳಿಜಾರಾಗಿರುತ್ತವೆ, ಹಾಗಾಗಿ ಹ್ಯಾಂಡಲ್ ಸದಾ ಎಡಕ್ಕೆ ಎಳೆಯುತ್ತದೆ. ಮುಂದಿನ ಚಕ್ರ ತಪ್ಪಿಸಿಕೊಂಡ ಗುಂಡಿಗೆ ಹಿಂದಿನವುಗಳಲ್ಲೊಂದು ಬಿದ್ದೇ ಬೀಳುತ್ತದೆ. ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ, ಎರಡೂ ಕಡೆಗೆ ತಿರುಗುವುದನ್ನು ಮೊದಲು ಕಲಿಯಿರಿ. ತಿರುಗುವಾಗ ಮೈ ಒಳಬದಿಗೆ ಬಾಗಲಿ. ಕೊಳ್ಳುವಾಗ ಸೀಟು ತಗ್ಗಿರುವುದನ್ನೇ ಆರಿಸಿ, ಸೈಕಲ್ ನಿಂತಲ್ಲೇ ನಿಲ್ಲಿಸುವ ಪಾರ್ಕಿಂಗ್ ಬ್ರೇಕ್ ಇದೆಯೇ ನೋಡಿ. ಮನೆಯ ಗೇಟಿನ ಅಗಲವನ್ನು ಟೇಪಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ.

ದೃಷ್ಟಿಯಿಲ್ಲದವರಿಗೆ ಇಬ್ಬರು ತುಳಿಯುವ ಟ್ಯಾಂಡೆಮ್ ಇದೆ. ಮುಂದೆ ಕಾಣುವವರು, ಹಿಂದೆ ಇವರು. ನಿಲ್ಲುವ, ತಿರುಗುವ, ಹಂಪು ಬರುವ ಮುನ್ನ ಮುಂದಿನವರು ಬಾಯಿಬಿಟ್ಟು ಹೇಳಬೇಕು.

ಕೈಯಿಂದ ತಿರುಗಿಸುವ ಟ್ರೈಸಿಕಲ್

ಎರಡೂ ಕಾಲಿಗೆ ಬಲವಿಲ್ಲದವರ ವಾಹನ ಇದು. ಹಿಡಿ ಅತಿ ದೂರಕ್ಕೆ ಹೋದಾಗಲೂ ಮೊಣಕೈ ಸ್ವಲ್ಪ ಬಾಗಿರಬೇಕು, ಇಲ್ಲವಾದರೆ ಭುಜ ನೋಯಲು ಶುರುವಾಗುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತ ಜಾಗದ ನೋವೇ ತಿಳಿಯುವುದಿಲ್ಲ. ಸೀಟಿನ ಮೇಲೆ ಒಳ್ಳೆಯ ಕುಷನ್ ಇರಲಿ, ಆಗಾಗ ಮೈ ಎತ್ತಿ ಒತ್ತಡ ತಪ್ಪಿಸಿ, ರಾತ್ರಿ ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯೇ ನೋಡಿಕೊಳ್ಳಿ. ಕೆಂಪು ಹಾಗೇ ಉಳಿದರೆ ಅದು ಮಾಯುವವರೆಗೆ ಸವಾರಿ ಬಂದ್. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದರೆ ಅದರ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ, ರಾಯಚೂರು–ಕಲಬುರಗಿಯ ಮಧ್ಯಾಹ್ನಗಳಲ್ಲಿ ಇದು ಜೀವಕ್ಕೇ ಕುತ್ತು.

ಗಾಲಿಕುರ್ಚಿಗೆ ಮುಂದೆ ಸಿಕ್ಕಿಸುವ ಬ್ಯಾಟರಿ ಚಕ್ರಗಳೂ ಬಂದಿವೆ. ಐಐಟಿ ಮದ್ರಾಸ್‌ನಲ್ಲಿ ಹುಟ್ಟಿದ ನಿಯೋಮೋಷನ್ ಇವನ್ನು ತಯಾರಿಸುತ್ತದೆ. ಅನುಕೂಲವೇನೋ ಹೌದು, ಬೆಲೆಯೂ ಹೆಚ್ಚು.

ಸರ್ಕಾರದ ನೆರವು

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯವಿದ್ದು, ತಿಂಗಳ ಆದಾಯ 22,500 ರೂಪಾಯಿ ಮೀರದಿದ್ದರೆ ಸಾಧನ ಪೂರ್ತಿ ಉಚಿತ. 30,000ದವರೆಗೆ ಅರ್ಧ ಬೆಲೆ. ದೊಡ್ಡವರು ಕಳೆದ 3 ವರ್ಷದಲ್ಲಿ ಅದೇ ಬಗೆಯ ಸಾಧನ ಪಡೆದಿರಬಾರದು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಆದಾಯ ಪ್ರಮಾಣಪತ್ರ, ಆಧಾರ್, ಫೋಟೊ ಸಿದ್ಧವಿಟ್ಟುಕೊಳ್ಳಿ. ಸಾಧನ ಹಂಚುವ ಶಿಬಿರ ಯಾವಾಗ ಎಂದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು.) ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯು.) ಹೇಳುತ್ತಾರೆ. ಬೆಂಗಳೂರಿನವರು ಅಂಗವಿಕಲರಿಗಾಗಿ ಕೆಲಸ ಮಾಡುವ ಮೊಬಿಲಿಟಿ ಇಂಡಿಯಾ ಅಥವಾ 1959ರಿಂದ ಇರುವ ಎಪಿಡಿ ಸಂಸ್ಥೆಯಲ್ಲೂ ವಿಚಾರಿಸಬಹುದು.

ಶಿಬಿರದಲ್ಲಿ ಕೊಡುವ ಟ್ರೈಸಿಕಲ್ ಎಲ್ಲರ ಅಳತೆಗೂ ಸರಿಹೊಂದುವುದಿಲ್ಲ. ಹತ್ತಿ ಕೂತು, ಹಿಡಿ ಒಂದು ಸುತ್ತು ತಿರುಗಿಸಿ, ಬ್ರೇಕ್ ಒತ್ತಿ ನೋಡದೆ ಸ್ವೀಕೃತಿಗೆ ಸಹಿ ಹಾಕಬೇಡಿ.