ಕಾನೂನು ತತ್ವಶಾಸ್ತ್ರದ ಐದು ಪಂಥಗಳು, ಒಂದು ಮೊಕದ್ದಮೆ: ಮುಖ್ಯಾಂಶಗಳು

ಪಂಥಗಳ ಹೆಸರು ಮತ್ತು ಇಸವಿಗಳನ್ನು ಬಾಯಿಪಾಠ ಮಾಡಿದರೆ ಅರ್ಧ ಉತ್ತರ. ಒಂದೇ ತೀರ್ಪನ್ನು ಐದೂ ಪಂಥಗಳು ಹೇಗೆ ಓದುತ್ತವೆ ಎಂದು ತೋರಿಸಿದರೆ ಪೂರ್ಣ ಉತ್ತರ. ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಇದಕ್ಕೆ ಬೇಕಾದ ಮೊಕದ್ದಮೆ ಮಾಟುಂಗದ ಪಕ್ಕದಲ್ಲೇ ಇದೆ.

ಮೊಕದ್ದಮೆ: ಓಲ್ಗಾ ಟೆಲಿಸ್ ವಿರುದ್ಧ ಬಾಂಬೆ ಮುನಿಸಿಪಲ್ ಕಾರ್ಪೊರೇಷನ್

- ಹಿನ್ನೆಲೆ: 1981ರ ಜುಲೈ 13ರಂದು ಮುಖ್ಯಮಂತ್ರಿ ಎ.ಆರ್. ಅಂತುಳೆ ಫುಟ್‌ಪಾತ್‌ವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು.
- ಅರ್ಜಿದಾರರು: ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತು ಫುಟ್‌ಪಾತ್, ಜೋಪಡಿಗಳ ನಿವಾಸಿಗಳು. ಇವರಲ್ಲಿ ಕೆಲವರ ಜೋಪಡಿ ಮಾಹಿಮಿನ ತುಳಸಿ ಪೈಪ್ ರೋಡ್ ಬದಿಯಲ್ಲಿತ್ತು. ಮಾಟುಂಗ ರೋಡ್ ಸ್ಟೇಷನ್ನಿನ ಪಕ್ಕ ಹಾದುಹೋಗುವ ಈಗಿನ ಸೇನಾಪತಿ ಬಾಪಟ್ ಮಾರ್ಗವೇ ಅದು.
- ವಿವಾದದ ಕಾನೂನು: 1888ರ ಬಾಂಬೆ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯ ಕಲಂ 314. ರಸ್ತೆ ಒತ್ತುವರಿಯನ್ನು ನೋಟಿಸ್ ಇಲ್ಲದೆ ತೆಗೆಸುವ ಅಧಿಕಾರ ಕಮಿಷನರಿಗೆ ಇದರಿಂದ ಬರುತ್ತದೆ.
- ತೀರ್ಪು: 1985ರ ಜುಲೈ 10, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಐವರ ಸಂವಿಧಾನ ಪೀಠ.
- ಗೆದ್ದದ್ದು: ಸಂವಿಧಾನದ ವಿಧಿ 21ರ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ. ಹೈಕೋರ್ಟಿನಲ್ಲಿ ನಿವಾಸಿಗಳು ಏನೇ ಒಪ್ಪಿಕೊಂಡಿದ್ದರೂ ಮೂಲಭೂತ ಹಕ್ಕಿನ ವಾದಕ್ಕೆ ಅದು ಅಡ್ಡಿಯಲ್ಲ.
- ಸೋತದ್ದು: ಕಲಂ 314 ಊರ್ಜಿತ, ಫುಟ್‌ಪಾತ್ ಮೇಲೆ ವಾಸಿಸುವ ಹಕ್ಕು ಯಾರಿಗೂ ಇಲ್ಲ. 1985ರ ಅಕ್ಟೋಬರ್ 31ರವರೆಗೆ ಮಾತ್ರ ತೆರವಿಗೆ ತಡೆ.

1. ನೈಸರ್ಗಿಕ ಕಾನೂನು ಪಂಥ

- ತಿರುಳು: ಮನುಷ್ಯ ಮಾಡಿದ ಕಾನೂನಿಗೂ ಮೇಲೆ ವಿವೇಕ ಮತ್ತು ನೀತಿಯ ಅಳತೆಗೋಲಿದೆ.
- ಚಿಂತಕರು: ಸಿಸೆರೊ; ಥಾಮಸ್ ಅಕ್ವಿನಾಸ್ (1225–1274): ಶಾಶ್ವತ, ನೈಸರ್ಗಿಕ, ದೈವಿಕ, ಮಾನುಷ ಎಂಬ ಕಾನೂನಿನ ನಾಲ್ಕು ಬಗೆ; ಲಾನ್ ಫುಲ್ಲರ್ (1964): ಕಾನೂನಿಗೆ ಇರಲೇಬೇಕಾದ ಎಂಟು ಗುಣಗಳು; ಜಾನ್ ಫಿನ್ನಿಸ್ (1980): ಏಳು ಮೂಲ ಒಳಿತುಗಳು.
- ಮೊಕದ್ದಮೆಯಲ್ಲಿ: ಹೇಳುವುದನ್ನು ಕೇಳದೆ ಯಾರನ್ನೂ ಒಕ್ಕಲೆಬ್ಬಿಸಬಾರದು. ನೋಟಿಸ್ ಕೊಡದಿರುವುದು ಅಪವಾದವೇ ಹೊರತು ನಿಯಮವಲ್ಲ ಎಂದು ಪೀಠ ಕಲಂ 314ನ್ನು ಓದಿತು.

2. ಪಾಸಿಟಿವಿಸಂ ಅಥವಾ ವಿಶ್ಲೇಷಣಾತ್ಮಕ ಪಂಥ

- ತಿರುಳು: ಕಾನೂನು ಯಾವುದು ಎಂಬ ಪ್ರಶ್ನೆ ಬೇರೆ, ಅದು ಒಳ್ಳೆಯದೇ ಎಂಬ ಪ್ರಶ್ನೆ ಬೇರೆ.
- ಜೆರೆಮಿ ಬೆಂಥಮ್ (1748–1832): ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ.
- ಜಾನ್ ಆಸ್ಟಿನ್ (1832): ಸಾರ್ವಭೌಮನ ಆಜ್ಞೆ, ಅದರ ಹಿಂದೆ ಶಿಕ್ಷೆಯ ಭಯ.
- ಹಾನ್ಸ್ ಕೆಲ್ಸನ್ (1881–1973): ಶುದ್ಧ ಸಿದ್ಧಾಂತ, ಎಲ್ಲ ನಿಯಮಗಳಿಗೂ ಆಧಾರವಾದ ಮೂಲ ನಿಯಮ, ಗ್ರುಂಡ್‌ನಾರ್ಮ್.
- ಎಚ್.ಎಲ್.ಎ. ಹಾರ್ಟ್ (1961): ಪ್ರಾಥಮಿಕ ಮತ್ತು ದ್ವಿತೀಯಕ ನಿಯಮಗಳು; ಗುರುತಿಸುವ, ಬದಲಿಸುವ, ತೀರ್ಮಾನಿಸುವ ನಿಯಮಗಳು ದ್ವಿತೀಯಕ. ಹಾರ್ಟ್–ಫುಲ್ಲರ್ ವಾದ 1958ರದು.
- ಮೊಕದ್ದಮೆಯಲ್ಲಿ: ಶಾಸಕಾಂಗ ಅಧಿಕಾರ ಕೊಟ್ಟಿದೆ, ಕಮಿಷನರು ಬಳಸಿದ್ದಾರೆ, ಅಷ್ಟರಮಟ್ಟಿಗೆ ಪಾಲಿಕೆಯ ವಾದ ನಿಂತಿತು.
- ಮಿತಿ: ಆಸ್ಟಿನ್ನನ ಮಿತಿಯಿಲ್ಲದ ಸಾರ್ವಭೌಮ ಭಾರತಕ್ಕೆ ಹೊಂದುವುದಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದಲ್ಲಿ (1973ರ ಏಪ್ರಿಲ್ 24) 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂಸತ್ತೂ ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದಿತು.

3. ಐತಿಹಾಸಿಕ ಪಂಥ

- ಸಾವಿನ್ಯಿ (1779–1861): ಕಾನೂನು ಜನಮಾನಸದಲ್ಲಿ ಬೆಳೆಯುತ್ತದೆ. ಹೆನ್ರಿ ಮೇನ್ (1861): ಸಮಾಜ ಹುಟ್ಟಿನ ಸ್ಥಾನಮಾನದಿಂದ ಕರಾರಿನತ್ತ ಸಾಗುತ್ತದೆ.
- ಈ ಮೊಕದ್ದಮೆಗೆ ಹೆಚ್ಚು ಒದಗುವುದಿಲ್ಲ. ಎರಡು ವಾಕ್ಯ ಸಾಕು.

4. ಸಮಾಜಶಾಸ್ತ್ರೀಯ ಪಂಥ

- ರೋಸ್ಕೊ ಪೌಂಡ್ (1870–1964): ಕಾನೂನು ಸಾಮಾಜಿಕ ಎಂಜಿನಿಯರಿಂಗ್, ಒಂದಕ್ಕೊಂದು ಎದುರಾದ ಹಿತಗಳನ್ನು ಸರಿದೂಗಿಸುವುದು ಅದರ ಕೆಲಸ. ಯೂಜೆನ್ ಎರ್ಲಿಖ್: ಪುಸ್ತಕದ ಕಾನೂನಿಗಿಂತ ಜನ ಬಾಳುವ ಕಾನೂನು ಮುಖ್ಯ.
- ಮೊಕದ್ದಮೆಯಲ್ಲಿ: ಒಂದು ಕಡೆ ನಡೆದಾಡುವವರ ಹಿತ, ಇನ್ನೊಂದು ಕಡೆ ಕೆಲಸ ಹುಡುಕಿ ಹಳ್ಳಿ ಬಿಟ್ಟು ಬಂದವರ ಹಿತ. ನೆಲೆ ಕಿತ್ತರೆ ಕೆಲಸವೂ ಹೋಗುತ್ತದೆ ಎಂಬ ವಾಸ್ತವವನ್ನು ಪೀಠ ಒಪ್ಪಿತು.

5. ವಾಸ್ತವವಾದ

- ಒಲಿವರ್ ವೆಂಡೆಲ್ ಹೋಮ್ಸ್ (1897): ನ್ಯಾಯಾಲಯ ಏನು ಮಾಡೀತು ಎಂಬ ಊಹೆಯೇ ಕಾನೂನು. ಜೆರೋಮ್ ಫ್ರಾಂಕ್ (1930), ಕಾರ್ಲ್ ಲೆವೆಲಿನ್ ಇದೇ ಹಾದಿಯವರು.
- ಮೊಕದ್ದಮೆಯಲ್ಲಿ: ಕಮಿಷನರು ಅಹವಾಲು ಕೇಳಬೇಕಿತ್ತು ಎಂದ ಪೀಠವೇ, ತಾನು ವಿಸ್ತಾರವಾಗಿ ಕೇಳಿರುವುದರಿಂದ ಮತ್ತೆ ಕೇಳಬೇಕಿಲ್ಲ ಎಂದಿತು. ಹಕ್ಕು ದಕ್ಕಿತು, ಜಾಗ ದಕ್ಕಲಿಲ್ಲ. ವಾಸ್ತವವಾದಿಯ ಕಣ್ಣು ನಿಲ್ಲುವುದು ಇಲ್ಲೇ.

ಪಂಥಗಳಾಚೆ: ರೊನಾಲ್ಡ್ ಡ್ವರ್ಕಿನ್

- ಕಾನೂನಿನಲ್ಲಿ ನಿಯಮಗಳಷ್ಟೇ ಅಲ್ಲ, ತತ್ವಗಳೂ ಇವೆ (1977ರ ಕೃತಿ). ಉದಾಹರಣೆ: ರಿಗ್ಸ್ ವಿರುದ್ಧ ಪಾಮರ್ (ನ್ಯೂಯಾರ್ಕ್, 1889), ಅಜ್ಜನನ್ನು ಕೊಂದ ಮೊಮ್ಮಗನಿಗೆ ಉಯಿಲಿನ ಆಸ್ತಿ ಇಲ್ಲ.
- ಮೊಕದ್ದಮೆಯಲ್ಲಿ: ವಿಧಿ 21ರಲ್ಲಿ ‘ಜೀವನೋಪಾಯ’ ಎಂಬ ಮಾತಿಲ್ಲ. ನಿರ್ದೇಶಕ ತತ್ವಗಳಾದ ವಿಧಿ 39(ಎ) ಮತ್ತು 41ರ ಬೆಳಕಿನಲ್ಲಿ ಪೀಠ ಅದನ್ನು ಕಂಡಿತು. ಡ್ವರ್ಕಿನ್ ವಾದಕ್ಕೆ ಇದು ಒಪ್ಪುವ ಉದಾಹರಣೆ.

ಹೋಲಿಸಿ ಬರೆಯಲು

- ಎ.ಡಿ.ಎಂ. ಜಬಲ್ಪುರ (1976ರ ಏಪ್ರಿಲ್ 28): ತುರ್ತುಪರಿಸ್ಥಿತಿಯಲ್ಲಿ ವಿಧಿ 21ರಡಿ ಬಂಧನ ಪ್ರಶ್ನಿಸುವ ಹಕ್ಕಿಲ್ಲ ಎಂದ 4–1ರ ತೀರ್ಪು, ಭಿನ್ನಮತ ಎಚ್.ಆರ್. ಖನ್ನಾ ಅವರದು.
- ಆ ಬಹುಮತದಲ್ಲಿ ವೈ.ವಿ. ಚಂದ್ರಚೂಡ್ ಇದ್ದರು. ಒಂಬತ್ತು ವರ್ಷಗಳ ನಂತರ ಅವರೇ ಅದೇ ವಿಧಿ 21ನ್ನು ಹಿಗ್ಗಿಸಿದರು. ನ್ಯಾಯಮೂರ್ತಿಗಳನ್ನು ಒಂದೇ ಪಂಥಕ್ಕೆ ಕಟ್ಟಿಹಾಕಬೇಡಿ.
- ಜಬಲ್ಪುರ ತೀರ್ಪನ್ನು ತಳ್ಳಿಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಪ್ರಕರಣ (2017ರ ಆಗಸ್ಟ್ 24, ಒಂಬತ್ತು ನ್ಯಾಯಮೂರ್ತಿಗಳು).

ಅಂಕ ಕಳೆಯುವ ಗೊಂದಲಗಳು

- ನೈಸರ್ಗಿಕ ಕಾನೂನು ಒಂದು ಸಿದ್ಧಾಂತ. ನೈಸರ್ಗಿಕ ನ್ಯಾಯ ವಿಚಾರಣೆಯ ಕ್ರಮ.
- ಪಾಸಿಟಿವಿಸ್ಟರು ನೀತಿಯ ವಿರೋಧಿಗಳಲ್ಲ; ಬೆಂಥಮ್ ಸ್ವತಃ ಸುಧಾರಕ.
- ಓಲ್ಗಾ ಟೆಲಿಸ್ ತೀರ್ಪು ತೆರವನ್ನು ನಿಷೇಧಿಸಲಿಲ್ಲ. ನ್ಯಾಯವಾದ ಕ್ರಮ ಬೇಕೆಂದಿತು.

ಉತ್ತರದ ಕ್ರಮ: ಮೊದಲು ತಿರುಳು, ಆಮೇಲೆ ಚಿಂತಕ ಮತ್ತು ಕೃತಿಯ ವರ್ಷ, ನಂತರ ಮೊಕದ್ದಮೆಯ ಅಂಶ, ಕೊನೆಗೆ ಆ ಪಂಥ ವಿವರಿಸಲಾರದ ಒಂದು ಸಂಗತಿ. ಆ ಕೊನೆಯ ಸಾಲನ್ನು ಬಿಡಬೇಡಿ. ವಿಮರ್ಶೆಯ ಅಂಕ ಇರುವುದು ಅದಕ್ಕೇ.