ಟ್ಯಾಬ್ ಸಣ್ಣದು, ಬೆರಳು ಸಣ್ಣವಲ್ಲ

ಟೀಚರ್, ಎಂಟಿಂಚಿನ ಟ್ಯಾಬಿಗೆ ಅಷ್ಟೇ ಅಗಲದ ಕೀಬೋರ್ಡ್ ಕೊಳ್ಳಬೇಡಿ. ಲ್ಯಾಪ್‌ಟಾಪಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ್ದರ ನಡುವಿಗೆ ಸುಮಾರು 19 ಮಿ.ಮೀ. ಇರುತ್ತದೆ, ಇಲ್ಲಿ ಅದು ಕುಗ್ಗಿ, ಒತ್ತಕ್ಷರ ಹೊಡೆಯುವಾಗ ಬೆರಳು ತಪ್ಪುತ್ತದೆ. ಬೀದರಿನ ಅಂಗಡಿಯಲ್ಲಿ ಸ್ಕೇಲ್ ಇಟ್ಟೇ ನೋಡಿ, ನಾಚಿಕೆ ಬೇಡ. ಮಡಚುವಂಥದ್ದು ಚೀಲಕ್ಕೆ ಹಗುರ, ಆದರೆ ಔರಾದ್ ಬಸ್ಸಿನಲ್ಲಿ ತೊಡೆಯ ಮೇಲಿಟ್ಟರೆ ನಡುವೆ ಬಾಗುತ್ತದೆ. ಭಾಲ್ಕಿ ರೈಲಿನಲ್ಲೂ ಬರೆಯುವವರಿಗೆ ಮಡಚದ ಗಟ್ಟಿ ಕೀಬೋರ್ಡೇ ಸರಿ. ಬ್ಲೂಟೂತ್ ಇರಲಿ, ಡಾಂಗಲ್ ಆದರೆ ಚಾರ್ಜಿಂಗ್ ಕಿಂಡಿಯನ್ನೇ ಕಟ್ಟಿಹಾಕುತ್ತದೆ. ಕೀಲಿಗಳ ಮೇಲೆ ಕನ್ನಡ ಅಚ್ಚಾಗಿರಬೇಕೆಂದಿಲ್ಲ; ಯಾವ ಕೀಲಿಗೆ ಯಾವ ಅಕ್ಷರ ಎಂಬ ವಿನ್ಯಾಸ ಟ್ಯಾಬಿನೊಳಗಿನ ತಂತ್ರಾಂಶದ್ದು. ನೀವು ಮರಾಠಿಯನ್ನೂ ಬರೆಯುತ್ತೀರಲ್ಲ, ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿಯಿರಿ: ಕನ್ನಡದ 'ಕ'ಕ್ಕೂ ದೇವನಾಗರಿಯ 'ಕ'ಕ್ಕೂ ಅದರಲ್ಲಿ ಒಂದೇ ಕೀಲಿ. ಕೆ.ಪಿ. ರಾವ್ ವಿನ್ಯಾಸ ಆಗಲೇ ಕೈಗೆ ಕೂತಿದ್ದರೆ ಅದನ್ನು ಬಿಡಬೇಡಿ. ಹಣ ಕೊಡುವ ಮುನ್ನ ನಿಮ್ಮದೇ ಟ್ಯಾಬಿಗೆ ಜೋಡಿಸಿ, 'ರಾಷ್ಟ್ರ' ಎಂದು ಹೊಡೆದು ನೋಡಿ.